ಹಮಾದೋರಿ ಸೀಮೆಯಲ್ಲಿ ನಾಲ್ಕು ದಿನ

ಜಪಾನು ದೇಶಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ಟೋಕಿಯೋ ಪಟ್ಟಣದ ವೈಭವವನ್ನೂ ಕ್ಯೋಟೋ ನಗರದ ದೇವಾಲಯಗಳನ್ನೂ ಕಂಡು, ಫೂಜಿ ಪರ್ವತವನ್ನು ದೂರದಿಂದ ನೋಡಿ ಹಿಂದಿರುಗುವರು. ನಾನೂ ಅವನ್ನೆಲ್ಲ ನೋಡಿದೆನು. ಅವುಗಳ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವುದರಿಂದ ಅದನ್ನೇ ಮತ್ತೆ ಬರೆದು ಅವರ ಸಹನೆಯನ್ನು ಪರೀಕ್ಷಿಸುವುದಿಲ್ಲ. ಈಗ ಹೇಳಹೊರಟಿರುವುದು ಯಾತ್ರಿಕರು ಅಷ್ಟಾಗಿ ಕಾಲಿಡದ ಒಂದು ಕಡಲ ಸೀಮೆಯ ಸಂಗತಿ. ಅದರ ಹೆಸರು ಹಮಾದೋರಿ. ಕಡಲತಡಿಯ ಹಾದಿ ಎಂದು ಅರ್ಥ. ಫುಕುಶಿಮಾ ಪ್ರಾಂತಕ್ಕೆ ಸೇರಿದ ಈ ಸೀಮೆಯಲ್ಲಿ 2011ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಪರಮಾಣು ವಿದ್ಯುದಾಗಾರವು ಒಡೆದು, ಊರೂರುಗಳೇ ಎದ್ದು ಓಡಿಹೋದ ವೃತ್ತಾಂತವು ಲೋಕಕ್ಕೆಲ್ಲ ತಿಳಿದಿದೆ. ಓಡಿಹೋದವರು ಏನಾದರು, ಹಿಂದಿರುಗಿದವರು ಹೇಗೆ ಬಾಳುತ್ತಿರುವರು ಎಂಬುದು ಅಷ್ಟಾಗಿ ತಿಳಿದಿಲ್ಲ. ಅದನ್ನು ಕಣ್ಣಾರೆ ಕಾಣಬೇಕೆಂದು 2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಚೆರಿ ಹೂ ಬಿಡುವ ದಿನಗಳಲ್ಲಿ, ಅಲ್ಲಿ ನಾಲ್ಕು ದಿನ ಸುತ್ತಿದೆನು. ದ್ವಿಭಾಷಿಯಾಗಿ ಸೆಂದಾಯಿ ನಗರದ ಒಬ್ಬ ತರುಣಿಯು ಜೊತೆಗಿದ್ದಳು. ಅವಳಿಲ್ಲದಿದ್ದರೆ ನಾನು ಮೂಕನ ಹಾಗೆ ಹೋಗಿ ಕಿವುಡನ ಹಾಗೆ ಬರಬೇಕಾಗುತ್ತಿತ್ತು.

ಟೋಕಿಯೋವಿನ ಉಯೆನೋ ನಿಲ್ದಾಣದಿಂದ ಹೊರಡುವ ವೇಗದ ರೈಲು ಸುಮಾರು ಮೂರು ಗಂಟೆಯಲ್ಲಿ ನಮ್ಮನ್ನು ಫುತಾಬಾ ಊರಿಗೆ ಮುಟ್ಟಿಸಿತು. ಜೋಬಾನ್ ಎಂದು ಹೆಸರಾದ ಈ ಹಳಿಯು ಒಂಬತ್ತು ವರ್ಷ ನಡುವೆ ಕಡಿದುಬಿದ್ದಿದ್ದು, 2020ರ ಮಾರ್ಚಿ 14ರಂದು ಮತ್ತೆ ಪೂರ್ತಿಯಾಗಿ ಕೂಡಿತು. ಇವಾಕಿ ಪಟ್ಟಣದವರೆಗೂ ಹೊಲಗದ್ದೆ, ಮನೆ, ಒಣಹಾಕಿದ ಬಟ್ಟೆಗಳು ಕಿಟಕಿಯಲ್ಲಿ ಸಾಗಿಹೋಗುತ್ತಿದ್ದುವು. ತೊಮಿಯೋಕಾ ಕಳೆದ ಮೇಲೆ ಬಟ್ಟೆಗಳು ವಿರಳವಾದುವು. ಒಂದು ಊರಿನಲ್ಲಿ ಜನ ಇರುವರೋ ಇಲ್ಲವೋ ಎಂಬುದನ್ನು ತಿಳಿಯಲು ಹಗ್ಗದ ಮೇಲಿನ ಬಟ್ಟೆಗಿಂತ ನಿಜವಾದ ಸಾಕ್ಷಿ ಬೇರೆ ಬೇಕಾಗಿಲ್ಲ.

ಈ ಸೀಮೆಯ ಹಿಂದಿನ ಸ್ಥಿತಿಯನ್ನು ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಕಡೆ ಕಡಲು, ಒಂದು ಕಡೆ ಬೆಟ್ಟ, ನಡುವೆ ಕಿರಿದಾದ ಗದ್ದೆಗಳು. ಚಳಿಗಾಲ ಬಂತೆಂದರೆ ಗಂಡಸರು ಕೂಲಿಯನ್ನರಸಿ ಟೋಕಿಯೋ ಕಡೆಗೆ ಹೋಗುವರು. ವಸಂತದಲ್ಲಿ ಉಳುಮೆಯ ಹೊತ್ತಿಗೆ ಬರುವರು. ಓಕುಮಾ ಮತ್ತು ಫುತಾಬಾ ಊರುಗಳ ಗಡಿಯಲ್ಲಿ, ಹಿಂದೆ ಸೇನೆಯ ವಿಮಾನ ಮೈದಾನವಾಗಿದ್ದ ಎತ್ತರದ ದಿಣ್ಣೆಯ ಮೇಲೆ ವಿದ್ಯುದಾಗಾರವನ್ನು ಕಟ್ಟಿ, 1971ರಲ್ಲಿ ಮೊದಲನೆಯ ಘಟಕವನ್ನು ನಡೆಸತೊಡಗಿದ ಮೇಲೆ ಈ ಚಳಿಗಾಲದ ವಲಸೆ ನಿಂತಿತು. ತಂದೆ ಮನೆಯಲ್ಲಿಯೇ ಇರುವಂತಾಯಿತು ಎಂದು ಹಳಬರು ಈಗಲೂ ಹೇಳುವರು. ಅದೇನು ಸಣ್ಣ ಉಪಕಾರವೆ? ಆದರೆ ಅಲ್ಲಿ ಹುಟ್ಟಿದ ವಿದ್ಯುತ್ತು ಆ ಊರುಗಳ ದೀಪಕ್ಕಲ್ಲ, ಎಲ್ಲವೂ ಟೋಕಿಯೋ ಸುತ್ತಿನ ಸೀಮೆಗೆ ಹೋಗುತ್ತಿತ್ತು. ಇನ್ನೊಂದು ಮಾತು: ಸುಮಾರು 35 ಮೀಟರು ಎತ್ತರವಿದ್ದ ಆ ದಿಣ್ಣೆಯನ್ನು ಕಡಲನೀರೆತ್ತಲು ಅನುಕೂಲವೆಂದು 10 ಮೀಟರಿಗೆ ಇಳಿಸಿ, ಆ ಮಟ್ಟದಲ್ಲಿ ಕಟ್ಟಡವನ್ನೆಬ್ಬಿಸಿದರು. ದಿಣ್ಣೆಯನ್ನು ಇಳಿಸದೆ ಇದ್ದಿದ್ದರೆ ನಾನು ಈ ಲೇಖನವನ್ನು ಬರೆಯುವ ಪ್ರಸಂಗ ಬರುತ್ತಿತ್ತೋ ಇಲ್ಲವೋ.

2011ರ ಮಾರ್ಚಿ 11ನೆಯ ತಾರೀಖು ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಕಡಲಡಿಯಲ್ಲಿ ಮಹಾಕಂಪವಾಯಿತು. ನಡೆಯುತ್ತಿದ್ದ ಮೂರು ಘಟಕಗಳೂ ಕೂಡಲೆ ತಾವಾಗಿಯೇ ನಿಂತುವು. ಆದರೆ ಒಲೆಯಿಂದ ಸೌದೆಯನ್ನು ಹಿರಿದ ಮಾತ್ರಕ್ಕೆ ಕೆಂಡದ ಕಾವು ಇಳಿಯುವುದಿಲ್ಲವೆಂಬುದು ಗೃಹಿಣಿಯರಿಗೆ ತಿಳಿದದ್ದೆ. ಪರಮಾಣು ಇಂಧನವೂ ಹಾಗೆಯೇ. ನಿಲ್ಲಿಸಿದ ಮೇಲೂ ದಿನಗಟ್ಟಲೆ, ತಿಂಗಳುಗಟ್ಟಲೆ ನೀರು ಹಾಯಿಸಿ ತಣಿಸಬೇಕು. ನೀರೆತ್ತಲು ವಿದ್ಯುತ್ತು ಬೇಕು. ಹೊರಗಿನ ವಿದ್ಯುತ್ತು ಕಂಪದಿಂದಲೇ ಕಡಿದಿತ್ತು. ಮುಕ್ಕಾಲು ಗಂಟೆಯ ಮೇಲೆ ಬಂದ ಕಡಲ ತೆರೆಯು, ಸುಮಾರು 14–15 ಮೀಟರು ಎತ್ತರ ಏರಿ, ನೆಲಮಾಳಿಗೆಯಲ್ಲಿದ್ದ ಡೀಸೆಲ್ ಯಂತ್ರಗಳನ್ನು ಮುಳುಗಿಸಿತು. ಮುಂದಿನದು ಸಂಕ್ಷೇಪ: ಇಂಧನ ಕರಗಿತು, ಅದರ ಲೋಹದ ಹೊದಿಕೆಯೂ ಆವಿಯೂ ಕೂಡಿ ಜಲಜನಕ ವಾಯು ಹುಟ್ಟಿತು, 12ರಂದು ಒಂದನೆಯ ಘಟಕದ ಕಟ್ಟಡ, 14ರಂದು ಮೂರನೆಯದು, 15ರಂದು ನಾಲ್ಕನೆಯದು ಸಿಡಿದುವು. ಹೊರಬಿದ್ದ ವಿಷದ ಹೆಚ್ಚು ಪಾಲು ಗಾಳಿಯೊಡನೆ ಕಡಲಿಗೆ ಹೋಯಿತು. 15ರಂದು ಮಾತ್ರ ಗಾಳಿ ವಾಯವ್ಯಕ್ಕೆ ತಿರುಗಿ, ಬೆಟ್ಟದ ಮೇಲೆ ಮಳೆಯೂ ಹಿಮವೂ ಬಿದ್ದು, ಆ ಹಿಮದೊಡನೆ ಅದು ನೆಲಕ್ಕಿಳಿಯಿತು.

ಫುತಾಬಾ ಊರಿನಲ್ಲಿ ಅನಾಹುತಕ್ಕೆ ಮುಂಚೆ ಸುಮಾರು 7,000 ಜನ. ನಾನು ಹೋದಾಗ ಅಲ್ಲಿ ವಾಸವಾಗಿದ್ದವರು ನೂರಕ್ಕೆ ಸ್ವಲ್ಪ ಮೇಲೆ. ಊರಿಗೆ ಊರೇ ಹೊರಟುಹೋದಾಗ ಪುರಸಭೆಯ ಕಚೇರಿಯೂ ಕಡತಗಳನ್ನು ಹೊತ್ತುಕೊಂಡು ಜನರ ಹಿಂದೆಯೇ ಹೋಯಿತು! ಸೈತಾಮಾ ಪ್ರಾಂತದ ಕಾಜೋ ಎಂಬಲ್ಲಿ ಮುಚ್ಚಿಹೋಗಿದ್ದ ಒಂದು ಪ್ರೌಢಶಾಲೆಯ ಕೋಣೆಗಳಲ್ಲಿ ನೂರಾರು ಸಂಸಾರಗಳೂ ಕಚೇರಿಯೂ ಒಟ್ಟಿಗೆ ಇಳಿದುವು. 2013ರಲ್ಲಿ ಕಚೇರಿ ಇವಾಕಿಗೆ ಬಂದಿತು. 2022ರ ಆಗಸ್ಟ್ 30ರಂದು ಊರಿನ ಒಂದು ಭಾಗದಲ್ಲಿ ವಾಸಕ್ಕೆ ಅಪ್ಪಣೆಯಾದ ಬಳಿಕ ಸ್ವಸ್ಥಾನವನ್ನು ಸೇರಿತು. ನಿಲ್ದಾಣದ ಮುಂದೆ ಈಗ ಹೊಸ ಕಚೇರಿ, ಹೊಸ ಮನೆಗಳ ಸಾಲು, ಹಳೆಯ ಅಂಗಡಿಗಳ ಗೋಡೆಯ ಮೇಲೆ ದೊಡ್ಡ ದೊಡ್ಡ ವರ್ಣಚಿತ್ರಗಳು. ರಸ್ತೆಯು ಕನ್ನಡಿಯ ಹಾಗೆ ಚೊಕ್ಕಟ. ಅರ್ಧ ಗಂಟೆ ನಡೆದರೂ ಎದುರಿಗೆ ಬಂದವರು ಇಬ್ಬರೇ.

ಈ ಊರಿನ ಮುಖ್ಯ ಬೀದಿಗೆ ಅಡ್ಡಲಾಗಿ ಹಿಂದೆ ಒಂದು ಫಲಕವಿತ್ತು. ಪರಮಾಣುವಿನಿಂದ ಭವಿಷ್ಯವು ಬೆಳಗುವುದೆಂಬ ಅರ್ಥದ ಮಾತು ಅದರ ಮೇಲೆ. ಊರಿನ ಶಾಲೆಯ ಹನ್ನೆರಡು ವರ್ಷದ ಹುಡುಗನೊಬ್ಬನು ಮನೆಪಾಠಕ್ಕಾಗಿ ಬರೆದ ಮಾತು ಅದು. ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದು 1988ರ ಸುಮಾರಿಗೆ ಫಲಕಕ್ಕೇರಿತು. ಅನಾಹುತದ ಮೇಲೆ ಫಲಕ ಹಳತಾಯಿತೆಂದು ಪುರಸಭೆಯು ಇಳಿಸಹೊರಟಾಗ, ಬೇಡ, ಇರಲಿ, ನಾಚಿಕೆಯೂ ನೆನಪಿನಲ್ಲಿರಲಿ ಎಂದು ಅಡ್ಡ ನಿಂತವನು ದೊಡ್ಡವನಾಗಿದ್ದ ಅದೇ ಹುಡುಗನು. ಇಳಿಸಿಯೇ ಬಿಟ್ಟರು. ಆ ಫಲಕವನ್ನು ಈಗ ಕಡಲ ಕಡೆ 2020ರಲ್ಲಿ ತೆರೆದ ಸ್ಮಾರಕ ಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಎರಡನೆಯ ದಿನ ನಾಮಿಯೆ ಊರಿಗೆ ಸೇರಿದ ಉಕೆದೋ ಎಂಬ ಬೆಸ್ತರ ಕೇರಿಗೆ ಹೋದೆವು. ಅಲ್ಲಿ ಕಡಲಿಂದ 300 ಮೀಟರಿನಲ್ಲಿರುವ ಪ್ರಾಥಮಿಕ ಶಾಲೆಯೊಂದನ್ನು ತೆರೆಯು ಬಡಿದ ಸ್ಥಿತಿಯಲ್ಲಿಯೇ ಉಳಿಸಿ, 2021ರಿಂದ ಜನರಿಗೆ ತೋರಿಸುತ್ತಿದ್ದಾರೆ. ಗಡಿಯಾರಗಳು ಮೂರೂವರೆ ದಾಟಿದ ಹೊತ್ತಿನಲ್ಲಿ ನಿಂತಿವೆ. ವ್ಯಾಯಾಮಶಾಲೆಯ ನೆಲ ಕುಸಿದಿದೆ. ವೇದಿಕೆಯ ಮೇಲೆ ಶಾಲೆ ಮುಗಿಸುವ ಮಕ್ಕಳ ಸಮಾರಂಭಕ್ಕೆ ಕಟ್ಟಿದ್ದ ಬಟ್ಟೆಯ ಬರಹ ಇನ್ನೂ ತೂಗುತ್ತಿದೆ. ಆ ದಿನ ಅಲ್ಲಿದ್ದ ಎಂಬತ್ತು ಚಿಲ್ಲರೆ ಮಕ್ಕಳಲ್ಲಿ ಒಬ್ಬರಿಗೂ ಅಪಾಯವಾಗಲಿಲ್ಲ. ಉಪಾಧ್ಯಾಯರು ತಡಮಾಡದೆ ಒಂದೂವರೆ ಕಿಲೋಮೀಟರು ದೂರದ ಓಹಿರಾ ಗುಡ್ಡಕ್ಕೆ ಅವರನ್ನು ಓಡಿಸಿದರು. ಗುಡ್ಡ ಹತ್ತುವ ಕಾಲುದಾರಿ ದೊಡ್ಡವರಿಗೆ ಗೊತ್ತಿರಲಿಲ್ಲ, ಒಬ್ಬ ಹುಡುಗನಿಗೆ ಗೊತ್ತಿತ್ತು. ಗುಡ್ಡವಿಳಿದ ಮೇಲೆ ಹೆದ್ದಾರಿಯಲ್ಲಿ ಬರುತ್ತಿದ್ದ ಸರಕು ಲಾರಿಯೊಂದು ಅವರನ್ನೆಲ್ಲ ಹತ್ತಿಸಿಕೊಂಡಿತು.

ಮಕ್ಕಳು ಉಳಿದರು. ಕೇರಿಯ ಎಲ್ಲರೂ ಉಳಿಯಲಿಲ್ಲ. ಆ ರಾತ್ರಿ ಊರಿನ ಅಗ್ನಿಶಾಮಕ ದಳದವರಿಗೆ ಕೆಸರು ಮರಮಟ್ಟುಗಳ ಒಳಗಿಂದ ಕೂಗು ಕೇಳಿಸಿತು. ಕತ್ತಲೆಯಲ್ಲಿ ಮತ್ತೆ ತೆರೆ ಬರುವ ಭಯವಿದ್ದುದರಿಂದ, ಬೆಳಗಾಗುತ್ತಲೇ ಬರುವೆವೆಂದು ಅವರು ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ವಿದ್ಯುದಾಗಾರದ ಸುತ್ತ ಹತ್ತು ಕಿಲೋಮೀಟರಿನವರೆಲ್ಲರೂ ಹೊರಡಬೇಕೆಂಬ ಆಜ್ಞೆಯಾಯಿತು. ಉಕೆದೋ ಅದರೊಳಗಿತ್ತು. ದಳದವರು ಊರಿನ ಜನರನ್ನು ಸಾಗಿಸಬೇಕಾಯಿತು, ಉಕೆದೋಗೆ ಹೋಗಲಾಗಲಿಲ್ಲ. ಅಲ್ಲಿ ಹುಡುಕುವ ಕೆಲಸ ಮೊದಲಾದುದು ಒಂದು ತಿಂಗಳ ಮೇಲೆ. ಶಾಲೆಯ ಎರಡನೆಯ ಉಪ್ಪರಿಗೆಯಿಂದ ದಕ್ಷಿಣಕ್ಕೆ ನೋಡಿದರೆ ವಿದ್ಯುದಾಗಾರದ ಹೊಗೆಕಂಬಗಳು ಕಾಣುತ್ತವೆ. ನನ್ನ ದ್ವಿಭಾಷಿಯು ಈ ಸಂಗತಿಯನ್ನು ಹೇಳುತ್ತ ಹೇಳುತ್ತ ಅಲ್ಲಿಗೆ ನಿಲ್ಲಿಸಿದಳು. ನಾನೂ ಮುಂದೆ ಕೇಳಲಿಲ್ಲ.

ಹೊರಟವರು ಎಲ್ಲಿಗೆ ಹೋದರು? ಕಡಲಿಂದ ದೂರ, ವಿದ್ಯುದಾಗಾರದಿಂದ ದೂರ ಎಂದು ವಾಯವ್ಯದ ಬೆಟ್ಟಗಳೊಳಗೆ ತ್ಸುಶಿಮಾ ಎಂಬಲ್ಲಿಗೆ ಸಾವಿರಾರು ಮಂದಿ ಹೋದರು. ಅಲ್ಲಿಯ ರೈತರು ತಮ್ಮ ಮನೆಗಳನ್ನು ತೆರೆದುಕೊಟ್ಟು ಅನ್ನ ಬೇಯಿಸಿ ಬಡಿಸಿದರು. ಮಕ್ಕಳು ಅಂಗಳದಲ್ಲಿ ಆಡಿದರು. ಗಾಳಿಯು ವಿಷವನ್ನು ಹೊತ್ತು ತಂದುದು ಅದೇ ದಿಕ್ಕಿಗೆ. ವಿಷವು ಯಾವ ಕಡೆ ಹರಡಬಹುದೆಂದು ಲೆಕ್ಕ ಹಾಕುವ ಯಂತ್ರವ್ಯವಸ್ಥೆಯೊಂದು ಸರಕಾರದ ಬಳಿ ಇತ್ತು. ಅದರ ಲೆಕ್ಕ ಆ ಜನರಿಗೆ ತಲಪಲಿಲ್ಲ. ಯಂತ್ರ ಕೆಟ್ಟುದನ್ನು ದೈವವೆನ್ನಬಹುದು. ಇದನ್ನು ಏನೆನ್ನುವುದೋ ನನಗೆ ತಿಳಿಯದು.

ಒಟ್ಟಿನಲ್ಲಿ ಮನೆ ಬಿಟ್ಟವರು ಸುಮಾರು 1,60,000 ಮಂದಿ. ವಿಕಿರಣದಿಂದ ಎಷ್ಟು ಜನ ಸತ್ತರೆಂದು ನಮ್ಮಲ್ಲಿ ಎಲ್ಲರೂ ಕೇಳುವರು. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು 2021ರಲ್ಲಿ ಹೊರಡಿಸಿದ ವರದಿಯಲ್ಲಿ, ಆ ಸೀಮೆಯ ನಿವಾಸಿಗಳಿಗೆ ವಿಕಿರಣದಿಂದಲೇ ನೇರವಾಗಿ ಆಯಿತೆನ್ನಬಹುದಾದ ರೋಗಗಳು ದಾಖಲೆಯಾಗಿಲ್ಲವೆಂದು ಹೇಳಿತು. ಮಕ್ಕಳ ಕೊರಳ ಗ್ರಂಥಿಯನ್ನು ಪರೀಕ್ಷಿಸಿದಾಗ ಮುನ್ನೂರಕ್ಕೂ ಮೇಲ್ಪಟ್ಟು ಮಂದಿಯಲ್ಲಿ ಅರ್ಬುದ ಕಂಡುಬಂದಿತು; ಲಕ್ಷಗಟ್ಟಲೆ ಮಕ್ಕಳನ್ನು ಸೂಕ್ಷ್ಮ ಯಂತ್ರದಿಂದ ಹುಡುಕಿದ್ದರಿಂದ ಸಿಕ್ಕಿತೆಂದು ಹೆಚ್ಚಿನ ತಜ್ಞರೂ, ಅಲ್ಲವೆಂದು ಕೆಲವು ತಾಯಿತಂದೆಯರೂ ಹೇಳುವರು; ಈ ವಾದ ನ್ಯಾಯಾಲಯಕ್ಕೂ ಹೋಗಿದೆ. ವಾದವಿಲ್ಲದ ಲೆಕ್ಕ ಇನ್ನೊಂದಿದೆ. ಸ್ಥಾನಪಲ್ಲಟದ ಆಯಾಸ, ಔಷಧೋಪಚಾರದ ಲೋಪ, ಮನೋವ್ಯಥೆಗಳಿಂದ ಫುಕುಶಿಮಾ ಪ್ರಾಂತದಲ್ಲಿ ಮಡಿದರೆಂದು ಸರಕಾರವೇ ಒಪ್ಪಿದವರು 2,300ಕ್ಕೂ ಹೆಚ್ಚು; ಆ ಪ್ರಾಂತದಲ್ಲಿ ಕಂಪದಿಂದಲೂ ತೆರೆಯಿಂದಲೂ ನೇರವಾಗಿ ಸತ್ತವರಿಗಿಂತ ಇದು ದೊಡ್ಡ ಸಂಖ್ಯೆ. ಓಕುಮಾದ ಒಂದು ಆಸ್ಪತ್ರೆಯಿಂದ ಹಾಸಿಗೆ ಹಿಡಿದ ವೃದ್ಧರನ್ನು ಬಸ್ಸುಗಳಲ್ಲಿ ಗಂಟೆಗಟ್ಟಲೆ ಸಾಗಿಸಿದಾಗ ದಾರಿಯಲ್ಲಿಯೂ ಆಮೇಲೆಯೂ ನಲವತ್ತಕ್ಕೂ ಮೇಲ್ಪಟ್ಟು ಮಂದಿ ತೀರಿಕೊಂಡರು.

ಮೂರನೆಯ ದಿನ ಹೆಚ್ಚು ಹೇಳತಕ್ಕದ್ದೇನಿಲ್ಲ. ತೊಮಿಯೋಕಾದ ಯೋನೊಮೊರಿ ಎಂಬಲ್ಲಿ ಎರಡು ಕಿಲೋಮೀಟರು ಉದ್ದಕ್ಕೂ ರಸ್ತೆಯ ಎರಡು ಬದಿಯ ಚೆರಿ ಮರಗಳು ಕೊಂಬೆ ಕೂಡಿಸಿ ಹೂವಿನ ಚಪ್ಪರ ಹಾಕಿದ್ದುವು. ಮರಗಳ ಹಿಂದೆ ಒಂದಾದ ಮೇಲೊಂದು ಬಯಲು ನಿವೇಶನ. ಸರಕಾರದ ಖರ್ಚಿನಲ್ಲಿ ಮನೆ ಕೆಡವಿಸಿಕೊಳ್ಳಬೇಕಾದರೆ ಇಂತಿಷ್ಟು ದಿನದೊಳಗೆ ಹೇಳಬೇಕೆಂಬ ಗಡುವಿದ್ದುದರಿಂದ, ಹಿಂದಿರುಗುವುದನ್ನು ನಿಶ್ಚಯಿಸಲಾರದವರೂ ಕೆಡವಿಸಿಬಿಟ್ಟರು. ಹೂ ನೋಡಲು ಬಂದವರಲ್ಲಿ ಬಹುಮಂದಿ ಹಳೆಯ ಊರಿನವರೇ. ಹೂವಿನಡಿ ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಬೇರೆ ಊರಿನ ಮನೆಗೆ ಹಿಂದಿರುಗುತ್ತಿದ್ದರು.

ನಾಲ್ಕನೆಯ ದಿನಕ್ಕಾಗಿ ನಾನು ಕಾದಿದ್ದೆನು. ಹರಾನೊಮಾಚಿಯಿಂದ ಬಸ್ಸು ಬೆಟ್ಟ ಹತ್ತಿ ಈತಾತೆ ಎಂಬ ಗ್ರಾಮಕ್ಕೆ ಹೋಗುತ್ತದೆ. ವಿದ್ಯುದಾಗಾರದಿಂದ ಸುಮಾರು 40 ಕಿಲೋಮೀಟರು ದೂರ. ಅದರಿಂದ ಒಂದು ಕಾಸಿನ ಲಾಭವನ್ನೂ ಪಡೆಯದ ಒಕ್ಕಲು ಮಕ್ಕಳ ಊರು. ಮಾರ್ಚಿ 15ರ ಹಿಮ ಬಿದ್ದುದು ಇಲ್ಲಿ. ಆದರೂ ಇದು ದೂರದ ಗೆರೆಯ ಹೊರಗಿದ್ದುದರಿಂದ ಏಪ್ರಿಲ್ 22ರವರೆಗೆ ಹೊರಡಿರೆಂದು ಯಾರೂ ಹೇಳಲಿಲ್ಲ. ಆಮೇಲೆ ಹೊರಟರು, ದನಗಳನ್ನು ಮಾರಿದರು. 2017ರ ಮಾರ್ಚಿ 31ರಂದು ಒಂದು ಕೇರಿಯ ಹೊರತು ಉಳಿದೆಡೆ ವಾಸಕ್ಕೆ ಅಪ್ಪಣೆಯಾಯಿತು. ಅಂದು ಆರು ಸಾವಿರಕ್ಕೆ ಮೇಲಿದ್ದ ಜನರಲ್ಲಿ ಕಾಲುಭಾಗದಷ್ಟು ಈಗ ಅಲ್ಲಿರುವರು, ಅವರಲ್ಲಿಯೂ ಹೆಚ್ಚಿನವರು ವೃದ್ಧರು. ಈ ಸೀಮೆಯ ಆಡುಮಾತಿನಲ್ಲಿ ‘ಮಾದೇಯಿ’ ಎಂಬ ಒಂದು ಶಬ್ದವಿದೆ. ಆತುರವಿಲ್ಲದೆ, ಎರಡು ಕೈಯಿಂದ, ಅಚ್ಚುಕಟ್ಟಾಗಿ ಎಂದು ಅದರ ಅರ್ಥ. ಗ್ರಾಮದ ಬಾಳ್ವೆಯೇ ಅದು ಎಂದು ಅವರು ಹೇಳಿಕೊಳ್ಳುತ್ತಿದ್ದರು.

ನಾವು ಇಳಿದುಕೊಂಡುದು ಎಂಬತ್ತರ ಹತ್ತಿರದ ಒಬ್ಬ ವಿಧವೆಯ ಮನೆಯಲ್ಲಿ. ಹಿಂದೆ ಆ ಮನೆಯಲ್ಲಿ ಮೂರು ತಲೆಮಾರಿನ ಏಳು ಜನ. ಯಜಮಾನರು ವಲಸೆಯ ತಗಡಿನ ಬಿಡಾರದಲ್ಲಿ ತೀರಿಕೊಂಡರು. ಮಗ, ಸೊಸೆ, ಮೊಮ್ಮಕ್ಕಳು ಫುಕುಶಿಮಾ ನಗರದಲ್ಲಿ ಮನೆ ಕಟ್ಟಿಕೊಂಡು ಅಲ್ಲಿಯೇ ನೆಲೆಸಿದರು. ಅಜ್ಜಿ ಮಾತ್ರ ಒಬ್ಬರೇ ಹಿಂದಿರುಗಿದರು. ಅವರು ನನಗೆ ಮೊದಲು ತೋರಿಸಿದ್ದು ಮನೆಯ ಹಿಂದಿನ ಮರದ ಬುಡಗಳನ್ನು. ಉತ್ತರದ ಗಾಳಿಗೆ ಅಡ್ಡವಾಗಿ ಮನೆಯ ಸುತ್ತ ಬೆಳೆಸುವ ಮರಗಳ ಸಾಲಿಗೆ ಅಲ್ಲಿ ಇಗುನೆ ಎನ್ನುವರು. ಅವರ ಮಾವನ ತಂದೆ ನೆಟ್ಟ ಮರಗಳು. ಎಲೆ ತೊಗಟೆಗಳಲ್ಲಿ ವಿಷ ಹಿಡಿದಿದೆಯೆಂದು ಶುದ್ಧೀಕರಣದವರು ಕಡಿದರು. ಈಗ ಚಳಿಗಾಲದಲ್ಲಿ ಗಾಳಿ ನೇರವಾಗಿ ಅಡುಗೆಮನೆಗೆ ನುಗ್ಗುವುದಂತೆ.

ಈ ಶುದ್ಧೀಕರಣವೆಂದರೇನೆಂದು ಹೇಳಬೇಕು. ಸೀಸಿಯಂ ಎಂಬ ಧಾತುವು ನೆಲಕ್ಕೆ ಬಿದ್ದರೆ ಜೇಡಿಮಣ್ಣಿನ ಕಣಗಳನ್ನು ಬಲವಾಗಿ ಕಚ್ಚಿಕೊಳ್ಳುತ್ತದೆ, ಬೇಗ ಕೆಳಗಿಳಿಯುವುದಿಲ್ಲ. ಆದ್ದರಿಂದ ಗದ್ದೆಯ ಮೇಲ್ಮಣ್ಣನ್ನು ಐದು ಸೆಂಟಿಮೀಟರು ಕೆತ್ತಿ ತೆಗೆದು, ಕರಿಯ ಚೀಲಗಳಲ್ಲಿ ತುಂಬಿ, ಬೆಟ್ಟದ ಮರಳನ್ನು ಹರಡಿದರು. ಪಕ್ವವಾದ ಮಣ್ಣು ಹೋಯಿತು, ಕಲ್ಲು ಬಂದಿತು. ಸೀಸಿಯಂ ಗುಣದಲ್ಲಿ ಬೂದಿಯ ಸಾರವಾದ ಪೊಟಾಸಿಯಮ್ಮನ್ನು ಹೋಲುವುದರಿಂದ ಪೈರಿನ ಬೇರು ಮೋಸಹೋಗಿ ಅದನ್ನು ಹೀರುತ್ತದೆ. ಪೊಟಾಸಿಯಂ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಹೀರುವುದಿಲ್ಲ. ಈ ಉಪಾಯದಿಂದ ಬೆಳೆದ ಫುಕುಶಿಮಾದ ಅಕ್ಕಿಯನ್ನು 2012ರಿಂದ ಒಂದೊಂದು ಮೂಟೆಯನ್ನೂ ಯಂತ್ರದ ಕೆಳಗೆ ಹಾಯಿಸಿ ಪರೀಕ್ಷಿಸಿದರು. 2015ರ ಬೆಳೆಯಿಂದ ಈಚೆಗೆ ಮಿತಿ ಮೀರಿದ ಮೂಟೆ ಒಂದೂ ಸಿಕ್ಕಲಿಲ್ಲ. ಗದ್ದೆಯ ವಿಷಯ ಹೀಗೆ. ಕಾಡಿನಲ್ಲಿ ಮಾತ್ರ ಮನೆಯಂಚಿನಿಂದ 20 ಮೀಟರಿನವರೆಗೆ ತೆಗೆದು ಬಿಟ್ಟರು. ಬೆಟ್ಟಗಳನ್ನೆಲ್ಲ ಕೆತ್ತಲು ಯಾರಿಂದ ಸಾಧ್ಯ?

“ಇಪ್ಪತ್ತು ಮೀಟರು ಎಂದರೆ ಆ ಕಲ್ಲಿನವರೆಗೆ” ಎಂದು ಅಜ್ಜಿ ಕೈ ತೋರಿಸಿದರು. “ಕಲ್ಲಿನ ಈಚೆ ನನ್ನದು. ಆಚೆಯದು ಹಂದಿಗಳದು.”

ವಸಂತದಲ್ಲಿ ಬೆಟ್ಟದ ಚಿಗುರು, ಶರತ್ಕಾಲದಲ್ಲಿ ಅಣಬೆ ತಂದು ನೆರೆಮನೆಗೆ ಹಂಚಿ, ದೂರದ ನೆಂಟರಿಗೆ ಕಳುಹಿಸುವುದು ಆ ಊರಿನ ಹೆಂಗಸರ ಸಂಪತ್ತು. ಕೊಶಿಯಾಬುರಾ ಎಂಬ ಮರದ ಚಿಗುರು ಎಲ್ಲಕ್ಕಿಂತ ರುಚಿ. ಅದೇ ಎಲ್ಲಕ್ಕಿಂತ ಹೆಚ್ಚಾಗಿ ಸೀಸಿಯಮ್ಮನ್ನು ಹೀರಿಕೊಳ್ಳುತ್ತದೆ. ಹದಿಮೂರು ವರ್ಷದಿಂದ ಅಜ್ಜಿ ಬೆಟ್ಟ ಹತ್ತಿಲ್ಲ. ಸೀಸಿಯಂ 137ರ ಬಲ 30 ವರ್ಷಕ್ಕೆ ಅರ್ಧವಾಗುತ್ತದೆ, ಇನ್ನು 30 ವರ್ಷಕ್ಕೆ ಕಾಲಾಗುತ್ತದೆ. ಬಡ್ಡಿಯಿಲ್ಲದ ಸಾಲವೇ ಸರಿ, ಆದರೆ ತೀರಿಸಲು ಒಂದು ತಲೆಮಾರಿನ ಆಯುಸ್ಸು ಸಾಲದು.

ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆಗಿಂತ ಮುಂಚೆ ಒಂದು ಚೀಟಿ ಬಂದಿತು. ತರಕಾರಿಯನ್ನೂ ಅಕ್ಕಿಯನ್ನೂ ಗ್ರಾಮದ ಪರೀಕ್ಷಾಲಯಕ್ಕೆ ಒಯ್ದು ಅಳೆಯಿಸಿದ ಚೀಟಿ: ಕಿಲೋಗ್ರಾಮಿಗೆ ಮಿತಿ 100 ಬೆಕ್ವೆರೆಲ್, ಇದರಲ್ಲಿ ಪತ್ತೆಯಾಗಲಿಲ್ಲ. ನಾನು ಕೇಳಿರಲಿಲ್ಲ. ಕೇಳಬೇಕೆಂದು ಮನಸ್ಸಿನಲ್ಲಿ ಇದ್ದುದನ್ನು ಮಾತ್ರ ವಾಚಕರಿಂದ ಮುಚ್ಚಿಡಲಾರೆನು. ಅದು ಆ ಮುದುಕಿಗೆ ತಿಳಿದಿತ್ತೆಂದು ಬಹಳ ನಾಚಿಕೆಯಾಯಿತು. ಶಿಮಿಮೋಚಿ ಎಂಬ ತಿಂಡಿಯನ್ನು ಮಾಡಿದ್ದರು. ಅಂಟಕ್ಕಿಯನ್ನು ಬೇಯಿಸಿ, ಒಂದು ಬಗೆಯ ಎಲೆಯೊಡನೆ ಕುಟ್ಟಿ, ಬಿಲ್ಲೆ ಕತ್ತರಿಸಿ, ನೀರಿನಲ್ಲಿ ನೆನೆಸಿ, ಹುಲ್ಲಿನ ಹಗ್ಗದಲ್ಲಿ ಪೋಣಿಸಿ ಸೂರಿಗೆ ತೂಗಹಾಕುವರು. ಮಾಘದ ಚಳಿಗೆ ಅದು ಹೆಪ್ಪುಗಟ್ಟಿ ಒಣಗಿ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಹೆಂಗಸರು ಬಿಸಿಲನ್ನು ನಂಬಿ ಹಪ್ಪಳ ಸಂಡಿಗೆ ಮಾಡುವಂತೆ ಅವರು ಚಳಿಯನ್ನು ನಂಬಿ ಇದನ್ನು ಮಾಡುವರು. ಮತ್ತೆ ನೆನೆಸಿ, ಎಣ್ಣೆಯಲ್ಲಿ ಹುರಿದು, ಸಕ್ಕರೆಯನ್ನೂ ಸೋಯಾ ರಸವನ್ನೂ ಸವರಿ ಕೊಟ್ಟರು. ಬಹು ರುಚಿಯಾಗಿತ್ತು.

“ಮೊಮ್ಮಕ್ಕಳಿಗೆ ಇಷ್ಟವೆ?” ಎಂದು ಕೇಳಿಸಿದೆನು.

“ಸೊಸೆ ಒಳ್ಳೆಯವಳು. ತಿಂಗಳಿಗೆ ಎರಡು ಸಲ ಬರುತ್ತಾಳೆ. ಬರುವಾಗ ಅಕ್ಕಿ, ತರಕಾರಿ ಎಲ್ಲವನ್ನೂ ಅಂಗಡಿಯಿಂದ ತರುತ್ತಾಳೆ. ನಾನು ಬೆಳೆದುದನ್ನು ಒಯ್ಯೆಂದು ಹೇಳುವುದಿಲ್ಲ. ಬೇಡವೆಂದು ಅವಳಿಗೆ ಹೇಳಬೇಕಾಗಬಾರದಲ್ಲ.” ಸ್ವಲ್ಪ ಹೊತ್ತು ಬಿಟ್ಟು, ನಿಮ್ಮಲ್ಲಿಯೂ ಇಂಥ ವಿದ್ಯುದಾಗಾರಗಳಿವೆಯೆ ಎಂದು ಕೇಳಿದರು.

ಇವೆಯೆಂದೆನು. ನಾನು ಉತ್ತರ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದುದು. ಅಲ್ಲಿ ಕಾಳೀ ನದಿಯ ಕಾಡಿನ ನಡುವೆ ಕೈಗಾ ಎಂಬಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ನಡೆಯುತ್ತಿವೆ. ಅವು ಬೇರೆ ಬಗೆಯವು, ಕಡಲ ತೆರೆಗೆ ದೂರದವು. ಕಟ್ಟುವಾಗಲೇ 1994ರ ಮೇ ತಿಂಗಳಲ್ಲಿ ಒಂದು ಘಟಕದ ಒಳಗುಮ್ಮಟ ಕಳಚಿ ಬಿದ್ದಿತು. ಆಗ ಅದರಲ್ಲಿ ಇಂಧನವಿರಲಿಲ್ಲ. ಶಿವರಾಮ ಕಾರಂತರು ಆ ಯೋಜನೆ ಬೇಡವೆಂದು ಊರೂರು ತಿರುಗಿದರು. ಇಷ್ಟನ್ನೂ ಹೇಳಿದೆನು. ಅಜ್ಜಿ ಕೇಳಿಕೊಂಡು, ಅಲ್ಲಿಂದ ಗಾಳಿ ಯಾವ ಕಡೆಗೆ ಬೀಸುವುದು ಎಂದರು. ನಾನು ಉತ್ತರ ಕೊಡಲಾರದೆ ಹೋದೆನು. ಅಷ್ಟು ವರ್ಷ ಆ ಸೀಮೆಯಲ್ಲಿ ಬೆಳೆದೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಕೆತ್ತಿದ ಮಣ್ಣು ಏನಾಯಿತೆಂದು ಕೆಲವರು ಕೇಳಬಹುದು. ಸುಮಾರು 1 ಕೋಟಿ 40 ಲಕ್ಷ ಘನಮೀಟರು ಮಣ್ಣು ವಿದ್ಯುದಾಗಾರದ ಸುತ್ತಲಿನ 16 ಚದರ ಕಿಲೋಮೀಟರು ನೆಲದಲ್ಲಿದೆ. 2045ರ ಮಾರ್ಚಿಯೊಳಗೆ ಅದನ್ನು ಫುಕುಶಿಮಾದ ಹೊರಗೆ ಸಾಗಿಸುವೆವೆಂದು ಸರಕಾರವು ಶಾಸನ ಮಾಡಿಕೊಟ್ಟಿದೆ. ಒಯ್ಯಿರೆನ್ನುವ ಊರು ದೇಶದಲ್ಲಿ ಸುಲಭವಾಗಿ ಸಿಕ್ಕುವುದೆಂದು ಯಾರೂ ನಂಬಿದಂತಿಲ್ಲ. 2025ರ ಜುಲೈ ತಿಂಗಳಲ್ಲಿ ಧೈರ್ಯ ತುಂಬಲೆಂದು ಅದರಲ್ಲಿ ಒಂದಿಷ್ಟನ್ನು ಪ್ರಧಾನಮಂತ್ರಿಗಳ ಕಚೇರಿಯ ತೋಟಕ್ಕೆ ತಂದು ಹಾಕಿದರು. ಕರಗಿದ ಇಂಧನವೇ ಸುಮಾರು 880 ಟನ್ನು. ನಾನು ಬಂದ ಮೇಲೆ 2024ರ ನವೆಂಬರಿನಲ್ಲಿ ಅದರಿಂದ ಮೊದಲ ಸಲ ಹೊರತೆಗೆದುದು ಒಂದು ಗ್ರಾಮಿಗೂ ಕಡಿಮೆ.

ಬೆಳಗ್ಗೆ ಬಸ್ಸು ಹತ್ತುವಾಗ ಅಜ್ಜಿ ಶಿಮಿಮೋಚಿಯ ಒಂದು ಮಾಲೆಯನ್ನು ಕಾಗದದಲ್ಲಿ ಸುತ್ತಿ, ಚೀಟಿಯನ್ನು ಮೇಲಿಟ್ಟು, ಎರಡು ಕೈಯಿಂದ ಕೊಟ್ಟರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿ ನಿಂತಿದ್ದರು.

ಶಿರಸಿಯ ನಮ್ಮ ಮನೆಯಲ್ಲಿ ಆ ಮಳೆಗಾಲದ ತೇವಕ್ಕೆ ಎರಡು ಬಿಲ್ಲೆಗಳಿಗೆ ಬೂಷ್ಟು ಹಿಡಿಯಿತು. ಉಳಿದವನ್ನು ದೀಪಾವಳಿಯಲ್ಲಿ ನೆನೆಸಿ, ಅವರು ಹೇಳಿದ ಕ್ರಮದಲ್ಲಿಯೇ ಹುರಿದೆವು. ತಾಯಿಯವರು ತಿಂದು ಮೆಚ್ಚಿದರು. ಅತ್ತಿಗೆಯು ಎಲ್ಲಿಯದೆಂದು ಕೇಳಿದಳು; ಹೇಳಿ, ಚೀಟಿಯನ್ನು ಕೊಟ್ಟೆನು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಹೇಳದೆ, ಮಕ್ಕಳ ಎಲೆಗೆ ಮನೆಯ ಹೋಳಿಗೆಯನ್ನು ಬಡಿಸಿದಳು. ನಾನು ಒತ್ತಾಯ ಮಾಡಲಿಲ್ಲ.